ಗಡಿ ದಾಟಿದ ತಾಯಿ, ಗಡಿ ದಾಟದ ಹಕ್ಕು

ಕಳೆದ ತಿಂಗಳ ಒಂದು ಭಾನುವಾರ. ಬೆಳಗಿನ ಚಹಾ ಮುಗಿಸಿ ಒಂಬತ್ತನೆಯ ತರಗತಿಯ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದೆ. ನಮ್ಮ ಓಣಿಯ ತುದಿಯಲ್ಲಿ ಕಿರಾಣಿ ಅಂಗಡಿ ನಡೆಸುವ ಹಳೆಯ ಪರಿಚಯಸ್ಥರೊಬ್ಬರು ಬಂದು ಕಟ್ಟೆಯ ಮೇಲೆ ಕುಳಿತರು. ಮಳೆ, ಬೆಳೆ, ಈರುಳ್ಳಿ ದರ ಎಲ್ಲ ಮುಗಿದ ಮೇಲೆಯೂ ಏಳಲಿಲ್ಲ. ಕೊನೆಗೆ ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ತೆಗೆದು ನನ್ನ ಕೈಗಿಟ್ಟರು.

"ಸರ್, ಸ್ವಲ್ಪ ಸಂಕೋಚದ ಮಾತೈತ್ರಿ. ಮಗಳಿಗೆ ಲಂಡನ್ನಿನಾಗ ಎಂ.ಎಸ್ಸಿ. ಸೀಟು ಸಿಕ್ಕೇತಿ. ಆದರ ಆಕಿ ಕಲಿಯೋ ವಿಷಯ ಏನಂತ ಓದಿ ನೋಡ್ರಿ."

ಓದಿದೆ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ಅದರಲ್ಲಿ ಹುಡುಗಿ ಪೆನ್ಸಿಲಿನಿಂದ ಗುರುತು ಹಾಕಿಟ್ಟುಕೊಂಡಿದ್ದ ವಿಷಯಕ್ಕೆ ಕನ್ನಡದಲ್ಲಿ ಹೇಳುವುದಾದರೆ 'ಜಾಗತಿಕ ವಲಸೆ ಮತ್ತು ಸಂತಾನೋತ್ಪತ್ತಿ ಆರೋಗ್ಯದ ಹಕ್ಕುಗಳು' ಎಂದು ಹೆಸರು.

"ಇಂಥಾದ್ದನ್ನೂ ಯೂನಿವರ್ಸಿಟಿಯೊಳಗ ಕಲಸ್ತಾರೇನ್ರಿ? ನಮ್ಮವ್ವ ಊರ ತುಂಬ ಬಾಣಂತನ ಮಾಡಿದಾಕಿ. ಯಾವ ಕಾಲೇಜಿಗೆ ಹೋಗಿದ್ಲು? ಬ್ಯಾಂಕಿನ ಸಾಲ ಮಾಡಿ ಕಳಸಬೇಕು. ನಾಕು ಮಂದಿ ಕೇಳಿದ್ರ ಮಗಳು ಏನು ಓದಾಕ ಹೋಗ್ಯಾಳ ಅಂತ ಹೇಳಲಿ?"

ಅವರ ಮಗಳು ನನ್ನ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಶಾಲೆಗೇ ಮೊದಲಿಗಳು. ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಹೆರಿಗೆ ವಾರ್ಡಿನಲ್ಲಿ ದುಡಿದವಳು. "ಒಂದು ವಾರ ಸಮಯ ಕೊಡ್ರಿ, ಓದಿ ಹೇಳ್ತೀನಿ" ಎಂದು ಅವರನ್ನು ಕಳಿಸಿಕೊಟ್ಟೆ. ಓದಿದ್ದನ್ನು ಅವರಿಗೆ ಹೇಳಿಯೂ ಆಯಿತು. ಇಂಥದೇ ಪ್ರಶ್ನೆ ಬೇರೆ ಮನೆಗಳ ಪಡಸಾಲೆಯಲ್ಲೂ ಎದ್ದಿರಬಹುದೆಂದು ಈ ವಾರದ ಅಂಕಣವನ್ನು ಅದಕ್ಕೇ ಮೀಸಲಿಡುತ್ತಿದ್ದೇನೆ.

ಮೊದಲು ಅಜ್ಜಿಯ ಬಾಣಂತನದಿಂದಲೇ ಶುರುಮಾಡೋಣ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ನಮ್ಮ ಕಡೆಯ ಸಂಪ್ರದಾಯ. ಕುಬಸ ಮಾಡಿ, ಮಡಿಲು ತುಂಬಿ, ಎತ್ತಿನ ಗಾಡಿಯಲ್ಲೋ ಬಸ್ಸಿನಲ್ಲೋ ಕರೆತರುತ್ತಿದ್ದರು. ಇದನ್ನು ನಾವು ಶಾಸ್ತ್ರವೆಂದು ಮಾತ್ರ ನೋಡಿದ್ದೇವೆ. ಒಬ್ಬ ವಿಜ್ಞಾನ ಶಿಕ್ಷಕನಾಗಿ ನೋಡಿದರೆ ಅದರಲ್ಲಿ ಒಂದು ವ್ಯವಸ್ಥೆ ಕಾಣುತ್ತದೆ. ಗಂಡನ ಮನೆಯಲ್ಲಿ ಹೊಟ್ಟೆ ನೋಯುತ್ತಿದೆ ಎಂದು ಹೇಳಲೂ ಹಿಂಜರಿಯುವ ಹುಡುಗಿಗೆ ತವರಿನಲ್ಲಿ ಬಾಯಿಬಿಟ್ಟು ಹೇಳಲು ತಾಯಿ ಇದ್ದಾಳೆ. ಅವಳ ಮಾತು ಎಲ್ಲರಿಗೂ ಅರ್ಥವಾಗುತ್ತದೆ. ಅಪಾಯವಾದರೆ ಯಾವ ಡಾಕ್ಟರರ ಬಾಗಿಲು ಬಡಿಯಬೇಕೆಂದು ಅಪ್ಪನಿಗೆ ಗೊತ್ತು. ಮಾತು, ಧೈರ್ಯ, ಬಾಗಿಲು ಎಂಬ ಈ ಮೂರನ್ನು ತವರು ಒದಗಿಸುತ್ತಿತ್ತು.

ಈಗ ಮಗಳು ದುಬೈಯಲ್ಲೋ ಡಲ್ಲಾಸಿನಲ್ಲೋ ಇರುತ್ತಾಳೆ. ಅವಳು ತವರಿಗೆ ಬರುವ ಬದಲು, ಬಾಣಂತನಕ್ಕೆಂದು ತಾಯಿಯೇ ಸಂದರ್ಶಕರ ವೀಸಾ ಮಾಡಿಸಿಕೊಂಡು, ಅಳವಿ–ಗೋಡಂಬಿ–ಖಾರದಪುಡಿಯ ಗಂಟು ಕಟ್ಟಿಕೊಂಡು ವಿಮಾನ ಹತ್ತುತ್ತಾಳೆ. ತಾಯಿ ಹೋಗಬಲ್ಲಳು, ಆದರೆ ತವರನ್ನು ಹೊತ್ತೊಯ್ಯಲಾರಳು. ಆ ಊರಿನಲ್ಲಿ ಮಗಳ ಮಾತು ಯಾರಿಗೆ ತಿಳಿಯುತ್ತದೆ? ಯಾವ ಬಾಗಿಲು ತೆರೆಯುತ್ತದೆ? ತೆರೆಯದಿದ್ದರೆ ಯಾವ ಕಾನೂನಿನಿಂದ? ಆ ವಿಶ್ವವಿದ್ಯಾಲಯದ ಪಾಠ ಇರುವುದು ಇಷ್ಟರ ಮೇಲೆಯೇ.

ವಿಷಯದ ಗಾತ್ರ ಸಣ್ಣದಲ್ಲ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2024ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ಬಾಳುತ್ತಿದ್ದವರು ಸುಮಾರು 30 ಕೋಟಿ 40 ಲಕ್ಷ ಮಂದಿ. ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರು. ಹೀಗೆ ಹೊರಗೆ ಹೋದವರಲ್ಲಿ ಅತಿ ಹೆಚ್ಚಿನವರು ಭಾರತದವರೇ, ಸುಮಾರು 1 ಕೋಟಿ 85 ಲಕ್ಷ. ಅವರಲ್ಲಿ ಬಹುಪಾಲು ಮಂದಿ ದುಡಿಯುವ ವಯಸ್ಸಿನವರು. ದುಡಿಯುವ ವಯಸ್ಸೆಂದರೆ ಹೆರುವ ವಯಸ್ಸೂ ಹೌದು.

'ಹಕ್ಕು' ಎಂಬ ಮಾತು ಇದರೊಳಗೆ ಹೇಗೆ ಬಂತು? 1968ರಲ್ಲಿ ಟೆಹರಾನಿನಲ್ಲಿ ನಡೆದ ಮಾನವ ಹಕ್ಕುಗಳ ಅಂತಾರಾಷ್ಟ್ರೀಯ ಸಮ್ಮೇಳನವು, ಮಕ್ಕಳು ಎಷ್ಟಿರಬೇಕು, ಎಷ್ಟು ಅಂತರದಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದು ತಂದೆತಾಯಿಯರ ಹಕ್ಕು ಎಂದು ಸಾರಿತು. 1994ರ ಸೆಪ್ಟೆಂಬರಿನಲ್ಲಿ ಕೈರೋದಲ್ಲಿ 179 ದೇಶಗಳು ಸೇರಿ ಜನಸಂಖ್ಯೆ ಮತ್ತು ಅಭಿವೃದ್ಧಿಯ ಬಗ್ಗೆ ಒಂದು ಕಾರ್ಯಕ್ರಮವನ್ನು ಒಪ್ಪಿಕೊಂಡವು. ಅದುವರೆಗೆ ಜನಸಂಖ್ಯೆ ಎಂದರೆ ಸರ್ಕಾರಗಳಿಗೆ ಗುರಿ, ಸಂಖ್ಯೆ, ಶಸ್ತ್ರಚಿಕಿತ್ಸೆಯ ಶಿಬಿರ. 1975–77ರ ತುರ್ತು ಪರಿಸ್ಥಿತಿಯ ಒತ್ತಾಯದ ನಸಬಂದಿಗಳನ್ನು ಹಿರಿಯ ಓದುಗರು ಮರೆತಿರಲಾರರು. ಕೈರೋ ಆ ದಾರಿಯನ್ನು ತಿರುಗಿಸಿ ವ್ಯಕ್ತಿಯ ಆರೋಗ್ಯ, ತಿಳಿವಳಿಕೆ ಮತ್ತು ಒಪ್ಪಿಗೆಯನ್ನು ಮುಂದಿಟ್ಟಿತು. ಎರಡು ವರ್ಷಗಳ ನಂತರ, 1996ರಲ್ಲಿ, ಭಾರತವೂ ಕುಟುಂಬ ಯೋಜನೆಯ ಗುರಿ ನಿಗದಿ ಮಾಡುವ ಪದ್ಧತಿಯನ್ನು ಕೈಬಿಟ್ಟಿತು.

ಆ ಕೈರೋ ದಾಖಲೆಯಲ್ಲಿ ಒಂದು ಸ್ವಾರಸ್ಯವಿದೆ. ಸಂತಾನೋತ್ಪತ್ತಿ ಆರೋಗ್ಯದ ಹಕ್ಕುಗಳ ಮಾತು ಬರುವುದು ಏಳನೆಯ ಅಧ್ಯಾಯದಲ್ಲಿ. ದೇಶದಿಂದ ದೇಶಕ್ಕೆ ವಲಸೆಯ ಮಾತು ಬರುವುದು ಹತ್ತನೆಯ ಅಧ್ಯಾಯದಲ್ಲಿ. ಆದರೆ ವಲಸೆ ಹೋದ ಹೆಣ್ಣುಮಗಳ ಬದುಕಿನಲ್ಲಿ ಈ ಎರಡೂ ಅಧ್ಯಾಯಗಳು ಒಂದೇ ರಾತ್ರಿ, ಒಂದೇ ಆಸ್ಪತ್ರೆಯ ಮಂಚದ ಮೇಲೆ ಕೂಡಿಬಿಡುತ್ತವೆ. ಹಾಗೆ ಕೂಡಿದ ಒಂದು ಉದಾಹರಣೆ ನಮ್ಮ ನಾಡಿನದೇ ಆಗಿದೆ.

ಸವಿತಾ ಹಾಲಪ್ಪನವರ ಬಾಗಲಕೋಟೆಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, ಅಲ್ಲಿಯೇ ದಂತವೈದ್ಯ ಪದವಿ ಪಡೆದವರು. 2008ರಲ್ಲಿ ಐರ್ಲೆಂಡಿಗೆ ಹೋದರು. ಪತಿ ಅಲ್ಲಿ ಎಂಜಿನಿಯರ್. 2012ರಲ್ಲಿ ಅಲ್ಲಿನ ದಂತವೈದ್ಯ ಮಂಡಲಿಯ ಪರೀಕ್ಷೆಯನ್ನೂ ಪಾಸು ಮಾಡಿದ್ದರು. ಮೊದಲ ಬಸಿರು. 2012ರ ಅಕ್ಟೋಬರ್ 21ರಂದು, ಹದಿನೇಳನೆಯ ವಾರದಲ್ಲಿ, ಬೆನ್ನುನೋವಿನಿಂದ ಗ್ಯಾಲ್ವೆ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಗೆ ಸೇರಿದರು. ಗರ್ಭ ನಿಲ್ಲುವಂತಿಲ್ಲ ಎಂದು ವೈದ್ಯರಿಗೆ ತಿಳಿಯಿತು. ಆ ರಾತ್ರಿಯೇ ಗರ್ಭದ ನೀರಿನ ಚೀಲ ಒಡೆಯಿತು.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ಗರ್ಭದಲ್ಲಿ ಶಿಶು ತೇಲುವ ನೀರಿನ ಚೀಲ ಬರಿಯ ಮೆತ್ತೆಯಲ್ಲ, ಅದೊಂದು ಬೇಲಿಯೂ ಹೌದು. ಕೆಳಗಿನ ದಾರಿಯಲ್ಲಿರುವ ಸೂಕ್ಷ್ಮಜೀವಿಗಳು ಗರ್ಭಾಶಯಕ್ಕೆ ಏರದಂತೆ ಅದು ತಡೆಯುತ್ತದೆ. ಚೀಲ ಒಡೆದ ಗಳಿಗೆಯಿಂದ ಆ ಬೇಲಿ ಇಲ್ಲ. ಬೆಚ್ಚಗಿನ, ರಕ್ತ ತುಂಬಿದ ಗರ್ಭಾಶಯದಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯತೊಡಗಿದರೆ ನಂಜು ರಕ್ತಕ್ಕೆ ಸೇರುತ್ತದೆ. ಇದಕ್ಕೆ ಸೆಪ್ಸಿಸ್ ಎಂದು ಹೆಸರು. ನಾಡಿ ಏರುತ್ತದೆ, ಚಳಿಜ್ವರ ಬರುತ್ತದೆ, ರಕ್ತದ ಒತ್ತಡ ಇಳಿಯುತ್ತದೆ, ಮೂತ್ರಪಿಂಡ, ಶ್ವಾಸಕೋಶ ಒಂದೊಂದಾಗಿ ಸೋಲುತ್ತವೆ. ಗರ್ಭ ಉಳಿಯುವಂತಿಲ್ಲ ಎಂದು ಖಚಿತವಾಗಿ ಸೋಂಕಿನ ಅಪಾಯವೂ ಏರುತ್ತಿದ್ದರೆ, ಗರ್ಭಾಶಯವನ್ನು ಬೇಗ ಖಾಲಿ ಮಾಡುವುದು ತಾಯಿಯನ್ನು ಉಳಿಸುವ ದಾರಿ. ಬೆಳಗಾವಿಯ ವೈದ್ಯಕೀಯ ವಿದ್ಯಾರ್ಥಿಯೂ ಗ್ಯಾಲ್ವೆಯ ವಿದ್ಯಾರ್ಥಿಯೂ ಪ್ರಸೂತಿಶಾಸ್ತ್ರದಲ್ಲಿ ಓದುವುದು ಇದನ್ನೇ.

ಗರ್ಭಪಾತ ಮಾಡಿಸಿರೆಂದು ಸವಿತಾ ಮತ್ತು ಪತಿ ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿತ್ತು. ಐರ್ಲೆಂಡಿನ ಜನ 1983ರಲ್ಲಿ ಮತ ಹಾಕಿ ಸಂವಿಧಾನಕ್ಕೆ ಸೇರಿಸಿದ ಎಂಟನೆಯ ತಿದ್ದುಪಡಿಯು ತಾಯಿಯ ಜೀವಕ್ಕೂ ಹುಟ್ಟದ ಶಿಶುವಿನ ಜೀವಕ್ಕೂ ಸಮಾನ ಹಕ್ಕು ಕೊಟ್ಟಿತ್ತು. ತಾಯಿಯ 'ಜೀವ'ಕ್ಕೆ ನಿಜವಾದ ಅಪಾಯವಿದ್ದರೆ ಮಾತ್ರ ಅವಕಾಶ. 'ಆರೋಗ್ಯ'ಕ್ಕೆ ಅಪಾಯವಿದ್ದರೆ ಇಲ್ಲ. ಆರೋಗ್ಯ ಕೆಡುವುದು ಎಲ್ಲಿಗೆ ಮುಗಿದು ಜೀವ ಹೋಗುವುದು ಎಲ್ಲಿಂದ ಶುರುವಾಗುತ್ತದೆ? ಕಾನೂನಿನ ಪುಸ್ತಕದಲ್ಲಿ ಗೆರೆ ಎಳೆಯಬಹುದು, ರಕ್ತದಲ್ಲಿ ಎಳೆಯಲಾಗದು. ವೈದ್ಯರು ಕಾದರು. ಅಕ್ಟೋಬರ್ 24ರಂದು ಗರ್ಭ ತಾನಾಗಿಯೇ ಬಿದ್ದುಹೋಯಿತು. ಆ ವೇಳೆಗೆ ನಂಜು ಏರಿತ್ತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು. ವಯಸ್ಸು 31.

ಆಮೇಲೆ ನಡೆದ ವಿಚಾರಣೆಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು, ಏಕೆಂದರೆ ಅಲ್ಲಿ ಒಂದೇ ಕಾರಣಕ್ಕೆ ಬೆರಳು ತೋರಿಸಲಿಲ್ಲ. ಶ್ರೀಲಂಕಾ ಮೂಲದ ಪ್ರಸೂತಿ ತಜ್ಞ, ಲಂಡನ್ನಿನ ಪ್ರಾಧ್ಯಾಪಕ ಸಬಾರತ್ನಂ ಅರುಳ್‌ಕುಮಾರನ್ ಅವರ ಅಧ್ಯಕ್ಷತೆಯ ತಂಡ 2013ರ ಜೂನ್‌ನಲ್ಲಿ ವರದಿ ಕೊಟ್ಟಿತು. ಅದು ಹೇಳಿದ ಮುಖ್ಯ ಕಾರಣಗಳು ಮೂರು. ರೋಗಿಯ ಸ್ಥಿತಿಯನ್ನು ಸರಿಯಾಗಿ ಅಳೆದು ನಿಗಾ ಇಡಲಿಲ್ಲ. ಅಪಾಯ ಏರುತ್ತಿದ್ದರೂ ಎಲ್ಲ ಚಿಕಿತ್ಸಾ ದಾರಿಗಳನ್ನು ಆಕೆಯ ಮುಂದೆ ಇಡಲಿಲ್ಲ. ಸೆಪ್ಸಿಸ್ ಚಿಕಿತ್ಸೆಯ ನಿಯಮಗಳನ್ನು ಪಾಲಿಸಲಿಲ್ಲ. ಸೇರಿದ ದಿನವೇ ತೆಗೆದ ರಕ್ತದಲ್ಲಿ ಬಿಳಿ ಕಣಗಳ ಸಂಖ್ಯೆ ಹೆಚ್ಚಿದ್ದುದನ್ನು ಯಾರೂ ಬೆನ್ನುಹತ್ತಿ ನೋಡಿರಲಿಲ್ಲ. ಸಾವಿನ ಕಾರಣ ತಿಳಿಯಲು ಗ್ಯಾಲ್ವೆಯಲ್ಲಿ ನಡೆದ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದ ಹಿರಿಯ ತಜ್ಞರೊಬ್ಬರು ಇನ್ನೊಂದು ಮಾತು ಹೇಳಿದರು. ಒಂದೆರಡು ದಿನ ಮೊದಲೇ ಗರ್ಭಪಾತ ಮಾಡಿದ್ದರೆ ಆಕೆ ಬಹುಶಃ ಬದುಕುತ್ತಿದ್ದರು, ಆದರೆ ಆಗ ಕಾನೂನು ಅದಕ್ಕೆ ಒಪ್ಪುತ್ತಿರಲಿಲ್ಲ. ಕಾನೂನು ಒಪ್ಪುವಷ್ಟು ಅಪಾಯ ಬಂದಾಗ ಕಾಲ ಮಿಂಚಿತ್ತು. ತಪ್ಪಿದ ನಿಗಾ ಮತ್ತು ಕಟ್ಟಿಹಾಕಿದ ಕಾನೂನು, ಎರಡೂ ಸೇರಿ ಒಂದು ಸಾವು.

ಅದೇ ಅಕ್ಟೋಬರಿನಲ್ಲಿ ಆಕೆ ಬೆಳಗಾವಿಯಲ್ಲಿದ್ದಿದ್ದರೆ? ಭಾರತದ ವೈದ್ಯಕೀಯ ಗರ್ಭಪಾತ ಕಾಯಿದೆ 1971ರದು. 2012ರಲ್ಲಿ ಅದರ ಪ್ರಕಾರ ಇಪ್ಪತ್ತು ವಾರಗಳವರೆಗೆ, ಹನ್ನೆರಡು ವಾರ ದಾಟಿದ್ದರೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ, ತಾಯಿಯ ಆರೋಗ್ಯಕ್ಕಾಗಿ ಗರ್ಭಪಾತ ಮಾಡಬಹುದಿತ್ತು. ಹದಿನೇಳನೆಯ ವಾರದಲ್ಲಿ ಕಾನೂನಿನ ಅಡ್ಡಿ ಇರುತ್ತಿರಲಿಲ್ಲ.

ಆದರೆ ಇದನ್ನು ಓದಿ ಎದೆಯುಬ್ಬಿಸುವುದು ಬೇಡ. 2010–12ರ ಲೆಕ್ಕದಲ್ಲಿ ಭಾರತದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 178 ತಾಯಂದಿರು ಸಾಯುತ್ತಿದ್ದರು, ಕರ್ನಾಟಕದಲ್ಲಿ 144. ಐರ್ಲೆಂಡಿನಲ್ಲಿ ಆ ಸಂಖ್ಯೆ ಹತ್ತರ ಒಳಗೆ. 2018–20ರ ವೇಳೆಗೆ ನಮ್ಮ ದೇಶದ ಸಂಖ್ಯೆ 97ಕ್ಕೆ ಇಳಿದದ್ದು ಸಂತೋಷವೇ, ಆದರೂ ದೂರ ಸಾಕಷ್ಟಿದೆ. ತಾಯಂದಿರಿಗೆ ಜಗತ್ತಿನಲ್ಲೇ ಸುರಕ್ಷಿತವಾದ ದೇಶಗಳಲ್ಲಿ ಒಂದಾದ ಐರ್ಲೆಂಡಿನಲ್ಲಿ, ತಾನು ಹುಟ್ಟಿದ ಊರಿನಲ್ಲಿ ಇದ್ದ ಒಂದು ಹಕ್ಕು ಇಲ್ಲದ್ದರಿಂದ ಒಬ್ಬಳು ಸಿಕ್ಕಿಬಿದ್ದಳು. ತರಗತಿಯ ಸರಾಸರಿ ಎಂಬತ್ತು ಅಂಕ ಎಂದರೆ ಕಡೆಯ ಬೆಂಚಿನ ಹುಡುಗ ಪಾಸಾದ ಎಂದರ್ಥವಲ್ಲ. ಸರಾಸರಿಯ ಹಿಂದೆ ಯಾರು ಮರೆಯಾಗಿದ್ದಾರೆಂದು ಹುಡುಕುವುದೇ ಈ ಅಧ್ಯಯನದ ಮೊದಲ ಪಾಠ.

ಎರಡನೆಯ ಪಾಠ ಇನ್ನೂ ಸೂಕ್ಷ್ಮವಾದದ್ದು. ಐರ್ಲೆಂಡಿನಲ್ಲಿ ನಿಷೇಧವಿದ್ದ ಕಾಲದಲ್ಲಿ ಅಲ್ಲಿನ ಹೆಂಗಸರು ಏನು ಮಾಡುತ್ತಿದ್ದರು? ಹಡಗು, ವಿಮಾನ ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದರು. 1980ರಿಂದ 2016ರವರೆಗೆ ಹೀಗೆ ಸಮುದ್ರ ದಾಟಿ, ಐರ್ಲೆಂಡಿನ ವಿಳಾಸ ಬರೆಸಿದವರೇ 1 ಲಕ್ಷ 70 ಸಾವಿರದಷ್ಟು ಮಂದಿ. 1992ರಲ್ಲಿ ಹಾಗೆ ಹೋಗಿ ಬರುವ ಸ್ವಾತಂತ್ರ್ಯವನ್ನು ಸಂವಿಧಾನದಲ್ಲೇ ಬರೆದರು. ಅಂದರೆ ಹಕ್ಕು ಮನೆಯಲ್ಲಿರಲಿಲ್ಲ, ಟಿಕೆಟ್ ಕೊಳ್ಳಬಲ್ಲವರಿಗೆ ಪಕ್ಕದ ಮನೆಯಲ್ಲಿತ್ತು. ಟಿಕೆಟಿನ ಹಣವೂ ವೀಸಾವೂ ಇಲ್ಲದವರಿಗೆ ಎಲ್ಲಿಯೂ ಇರಲಿಲ್ಲ. 2014ರಲ್ಲಿ ಐರ್ಲೆಂಡಿಗೆ ಆಶ್ರಯ ಬೇಡಿ ಬಂದ ಒಬ್ಬ ಯುವತಿ, ತನ್ನ ದೇಶದಲ್ಲಿ ಅತ್ಯಾಚಾರಕ್ಕೆ ಒಳಗಾಗಿದ್ದವಳು, ತಾನು ಗರ್ಭಿಣಿಯೆಂದು ಅಲ್ಲಿ ತಿಳಿದಳು. ಇಂಗ್ಲೆಂಡಿಗೆ ಹೋಗಲು ಅವಳ ಬಳಿ ಕಾಗದಪತ್ರಗಳಿರಲಿಲ್ಲ. ತಿಂಗಳುಗಳು ಉರುಳಿ ಕೊನೆಗೆ ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆ ಮಾಡಿಸಲಾಯಿತು. ಕಾನೂನು ಎಲ್ಲರಿಗೂ ಒಂದೇ ಆಗಿದ್ದರೂ ಅದರ ಭಾರ ವಲಸೆ ಬಂದವಳ ಹೆಗಲಿಗೆ ಹೆಚ್ಚು ಬಿತ್ತು.

ಮುಂದಿನ ಕಥೆ ಬಹಳ ಜನಕ್ಕೆ ಗೊತ್ತಿರಬಹುದು. 2018ರ ಮೇ 25ರಂದು ಐರ್ಲೆಂಡಿನ ಜನ ಮತ್ತೆ ಮತ ಹಾಕಿ, ಶೇಕಡಾ 66.4ರ ಬಹುಮತದಿಂದ ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಿದರು. ಮತದಾನಕ್ಕೆ ಮುನ್ನ ಸವಿತಾ ಅವರ ತಂದೆ ಇಲ್ಲಿಂದಲೇ ಆ ದೇಶದ ಜನರಲ್ಲಿ ಮನವಿ ಮಾಡಿಕೊಂಡಿದ್ದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬಿಡಿಸಿದ್ದ ಆಕೆಯ ಚಿತ್ರದ ಸುತ್ತ ಜನ ಕ್ಷಮೆ ಕೋರುವ ಚೀಟಿಗಳನ್ನು ಅಂಟಿಸಿದರು. 2019ರ ಜನವರಿಯಿಂದ ಅಲ್ಲಿ ಹನ್ನೆರಡು ವಾರಗಳವರೆಗೆ, ಆಮೇಲೆ ತಾಯಿಯ ಜೀವಕ್ಕೋ ಆರೋಗ್ಯಕ್ಕೋ ಗಂಭೀರ ಅಪಾಯವಿದ್ದರೆ, ಸೇವೆ ದೊರೆಯುತ್ತದೆ. ವಿರೋಧಿಸಿದ ಮೂರನೆಯ ಒಂದು ಪಾಲು ಜನರೂ ಕಟುಕರಲ್ಲ. ಹುಟ್ಟದ ಜೀವದ ಬಗೆಗಿನ ಅವರ ಕಾಳಜಿ ಪ್ರಾಮಾಣಿಕವಾದದ್ದೇ. ವಿಶ್ವವಿದ್ಯಾಲಯದಲ್ಲಿ ಕಲಿಯುವವಳು ಎರಡು ಕಡೆಯ ಮಾತನ್ನೂ ಕಿವಿಗೊಟ್ಟು ಕೇಳಬೇಕಾಗುತ್ತದೆ.

ಹಕ್ಕು ಎಂದರೆ ಗರ್ಭಪಾತದ ಹಕ್ಕು ಮಾತ್ರ ಎಂದು ತಿಳಿಯುವುದೂ ತಪ್ಪು. ಹೆರುವ ಹಕ್ಕೂ ಅದರಲ್ಲಿದೆ. ಸಿಂಗಪುರದಲ್ಲಿ ಮನೆಗೆಲಸಕ್ಕೆಂದು ಬೇರೆ ದೇಶಗಳಿಂದ ಬಂದ ಹೆಂಗಸರು ಆರು ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆಗೆ ಒಳಗಾಗಬೇಕು. ಅದರಲ್ಲಿ ಬಸಿರಿನ ಪರೀಕ್ಷೆಯೂ ಸೇರಿದೆ. ಬಸಿರಾದರೆ ಸಾಮಾನ್ಯವಾಗಿ ಕೆಲಸದ ಪರವಾನಗಿ ಹೋಗಿ ಊರಿಗೆ ಮರಳಬೇಕಾಗುತ್ತದೆ. ಇನ್ನೊಬ್ಬರ ಮಕ್ಕಳನ್ನು ಸಾಕಲು ಕರೆಸಿಕೊಂಡವಳಿಗೆ ತನ್ನ ಮಗುವನ್ನು ಅಲ್ಲಿ ಹೆರುವ ಅವಕಾಶವಿಲ್ಲ. ಒಂದು ದೇಶ 'ಹೆರಲೇಬೇಕು' ಎಂದಿತು, ಇನ್ನೊಂದು 'ಹೆರಕೂಡದು' ಎನ್ನುತ್ತದೆ. ಎರಡು ಕಡೆಯೂ ತೀರ್ಮಾನ ಆಕೆಯದಲ್ಲ.

ವಿದ್ಯಾರ್ಥಿ ಮಿತ್ರರೇ, ಇದೆಲ್ಲ ಬರಿಯ ಕಾನೂನು, ಇದರಲ್ಲಿ ವಿಜ್ಞಾನವೆಲ್ಲಿದೆ ಎಂದು ಕೇಳಬೇಡಿ. ಒಂದು ಒಗಟು ಹೇಳುತ್ತೇನೆ. ವಲಸೆ ಹೋಗುವವರು ಸಾಮಾನ್ಯವಾಗಿ ಗಟ್ಟಿಮುಟ್ಟಾದವರು. ರೋಗಿಷ್ಠರು ಸಮುದ್ರ ದಾಟಿ ದುಡಿಯಲು ಹೊರಡುವುದು ಕಡಿಮೆ. ಆದ್ದರಿಂದಲೇ ಅನೇಕ ದೇಶಗಳಲ್ಲಿ ವಲಸಿಗರ ಸಾವಿನ ಪ್ರಮಾಣ ಸ್ಥಳೀಯರಿಗಿಂತ ಕಡಿಮೆಯೇ ಇರುತ್ತದೆ. ಹಾಗಿದ್ದರೆ ಹೆರಿಗೆಯಲ್ಲೂ ಹಾಗೆಯೇ ಇರಬೇಕಲ್ಲವೇ? ಆದರೆ ಬ್ರಿಟನ್ನಿನಲ್ಲಿ 2017–19ರ ಲೆಕ್ಕದಂತೆ ಬಿಳಿಯ ತಾಯಂದಿರಿಗಿಂತ ಏಷ್ಯಾ ಮೂಲದ ತಾಯಂದಿರ ಸಾವಿನ ಪ್ರಮಾಣ ಸುಮಾರು ಎರಡು ಪಟ್ಟು, ಕಪ್ಪು ಜನಾಂಗದ ತಾಯಂದಿರದು ಸುಮಾರು ನಾಲ್ಕು ಪಟ್ಟು. ಅವರಲ್ಲಿ ಅಲ್ಲಿಯೇ ಹುಟ್ಟಿ ಬೆಳೆದವರೂ ಇದ್ದಾರೆ, ಹೊಸದಾಗಿ ಬಂದವರೂ ಇದ್ದಾರೆ. ಕಾರಣ ರಕ್ತದಲ್ಲಿದೆಯೋ, ಬಡತನದಲ್ಲಿದೆಯೋ, ಭಾಷೆಯಲ್ಲಿದೆಯೋ, ನೋವೆಂದಾಗ ನಂಬದ ಕಿವಿಗಳಲ್ಲಿದೆಯೋ? ಒಂದೊಂದನ್ನೂ ಬಿಡಿಸಿ ಅಳೆಯಬೇಕು. ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನು ಬದಲಿಸಿ ಉಳಿದವನ್ನು ಹಾಗೆಯೇ ಇಡಿ ಎಂದು ನಾನು ಹೇಳಿಕೊಡುವುದಿಲ್ಲವೇ? ಮನುಷ್ಯರ ಬಾಳಿನಲ್ಲಿ ಹಾಗೆ ಮಾಡಲಾಗದು. ಆ ಕೆಲಸವನ್ನು ಸಂಖ್ಯಾಶಾಸ್ತ್ರದಿಂದ ಮಾಡಬೇಕು.

ಈ ಸಂಖ್ಯೆಗಳು ಬಂದ ದಾರಿಯೂ ತಿಳಿಯತಕ್ಕದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1952ರಿಂದ ತಾಯಂದಿರ ಸಾವುಗಳ ಬಗ್ಗೆ ಗೋಪ್ಯ ವಿಚಾರಣೆ ನಡೆಯುತ್ತ ಬಂದಿದೆ. ಈಗ ಅದು ಬ್ರಿಟನ್ನಿಗೆಲ್ಲ ಹರಡಿದ್ದು, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಘಟಕವೊಂದು ಮುಂದಾಳತ್ವ ವಹಿಸಿದೆ. ಸತ್ತ ತಾಯಿಯ ದಾಖಲೆಗಳಿಂದ ಹೆಸರನ್ನು ಅಳಿಸಿ, ತಜ್ಞರು ಕುಳಿತು ಪುಟಪುಟವನ್ನೂ ಓದುತ್ತಾರೆ. ಯಾರನ್ನೂ ಶಿಕ್ಷಿಸಲು ಅಲ್ಲ, ಮುಂದಿನವಳನ್ನು ಉಳಿಸಲು ಏನು ಮಾಡಬಹುದಿತ್ತು ಎಂದು ಕಂಡುಕೊಳ್ಳಲು. ಇಂಥ ಓದಿನಿಂದ ಪದೇಪದೇ ಹೊರಬಿದ್ದ ಸಂಗತಿಗಳು ಸರಳವಾದವು. ದುಭಾಷಿ ಇರಲಿಲ್ಲ, ಗಂಡನೋ ಪಕ್ಕದ ಮನೆಯವರೋ ಮಾತು ತಿರುಗಿಸಿ ಹೇಳಿದರು. ಆಸ್ಪತ್ರೆಗೆ ಹೆಸರು ನೋಂದಾಯಿಸಿದ್ದೇ ತಡವಾಗಿ. ಅಪಾಯದ ಗುರುತುಗಳು ಇಂಥವೆಂದು ಯಾರೂ ಹೇಳಿರಲಿಲ್ಲ. ಇವೆಲ್ಲ ನಮ್ಮ ಅಜ್ಜಿಯ ತವರು ಒದಗಿಸುತ್ತಿದ್ದ ಮಾತು, ಧೈರ್ಯ ಮತ್ತು ಬಾಗಿಲುಗಳೇ. ಅಂಗಡಿಯ ಯಜಮಾನರಿಗೆ ನಾನು ಹೇಳಿದ್ದೂ ಇಷ್ಟೇ: "ನಿಮ್ಮವ್ವ ಒಂದು ಓಣಿಗೆ ಮಾಡಿದ್ದನ್ನ ಮಗಳು ಒಂದು ದೇಶಕ್ಕ ಹೆಂಗ ಮಾಡಬೇಕಂತ ಕಲಿಯಾಕ ಹೊಂಟಾಳ."

ಇದನ್ನು ಕಲಿಯಲು ಎಲ್ಲರೂ ಲಂಡನ್ನಿಗೇ ಹೋಗಬೇಕೆಂದಿಲ್ಲ. ಮುಂಬೈಯ ದೇವನಾರಿನಲ್ಲಿ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನಗಳ ಸಂಸ್ಥೆ ಇದೆ. 1956ರಲ್ಲಿ ಸ್ಥಾಪನೆಯಾದ ಇದು ಈಗ ವಿಶ್ವವಿದ್ಯಾಲಯಕ್ಕೆ ಸಮಾನವಾದ ಮಾನ್ಯತೆ ಪಡೆದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳನ್ನು 1992–93ರಿಂದ ಮುನ್ನಡೆಸಿದ್ದು ಇದೇ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ವಿದ್ವಾಂಸರು 1998ರಲ್ಲಿ ಕೇರಳದ ವಲಸೆ ಸಮೀಕ್ಷೆಯನ್ನು ಆರಂಭಿಸಿದರು. ಮನೆಮನೆಗೆ ಹೋಗಿ ಯಾರು ಯಾವ ದೇಶದಲ್ಲಿದ್ದಾರೆಂದು ಲೆಕ್ಕ ಹಿಡಿಯುವ ಆ ಪರಂಪರೆ ಇಂದಿಗೂ ಮುಂದುವರಿದಿದೆ. ನಮ್ಮ ರಾಜ್ಯದಲ್ಲೇ ಧಾರವಾಡದ ಜೆ.ಎಸ್.ಎಸ್. ಆರ್ಥಿಕ ಸಂಶೋಧನಾ ಸಂಸ್ಥೆಯಲ್ಲಿ ಮತ್ತು ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ಜನಸಂಖ್ಯಾ ಸಂಶೋಧನಾ ಕೇಂದ್ರಗಳಿವೆ. ಜೀವಶಾಸ್ತ್ರ, ನರ್ಸಿಂಗ್, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಕಾನೂನು, ಸಮಾಜಕಾರ್ಯ, ಯಾವ ಬಾಗಿಲಿನಿಂದ ಬಂದರೂ ಇಲ್ಲಿ ಜಾಗವಿದೆ. ಗಣಿತಕ್ಕೆ ಹೆದರಬಾರದು, ಮನೆಮನೆಗೆ ನಡೆಯಲು ಬೇಸರಪಡಬಾರದು. ಕಂಪ್ಯೂಟರ್ ಕಂಪನಿಯ ಸಂಬಳವನ್ನು ನಿರೀಕ್ಷಿಸುವವರಿಗೆ ಇದು ತಕ್ಕ ದಾರಿಯಲ್ಲ. ಆರೋಗ್ಯ ಇಲಾಖೆ, ಸಂಶೋಧನಾ ಸಂಸ್ಥೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಉಂಟು, ಆದರೆ ಹುಡುಕಿಕೊಳ್ಳಬೇಕು. ಸಾಲ ಮಾಡುವ ಮುನ್ನ ಈ ಮಾತನ್ನೂ ತೂಗಿ ನೋಡಿ ಎಂದು ಆ ತಂದೆಗೆ ಮುಚ್ಚುಮರೆಯಿಲ್ಲದೆ ಹೇಳಿದೆ.

ಇನ್ನು ಪೋಷಕರಿಗೆ ಒಂದೆರಡು ಮಾತು. ಮಗಳನ್ನೋ ಸೊಸೆಯನ್ನೋ ವಿದೇಶಕ್ಕೆ ಕಳಿಸುವಾಗ ನಾವು ಕಾಲೇಜಿನ ಶ್ರೇಯಾಂಕ, ವಿಮಾನದ ದರ, ಅಲ್ಲಿನ ಚಳಿ ಎಲ್ಲ ವಿಚಾರಿಸುತ್ತೇವೆ. ಅಲ್ಲಿ ಹೆಣ್ಣುಮಕ್ಕಳ ಚಿಕಿತ್ಸೆಯ ನಿಯಮಗಳೇನು ಎಂದು ವಿಚಾರಿಸುವುದಿಲ್ಲ. ಅಮೆರಿಕದಲ್ಲಿ 2022ರ ಜೂನ್ 24ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಗರ್ಭಪಾತದ ವಿಷಯದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ನಮ್ಮವರು ಬಹಳ ಮಂದಿ ನೆಲೆಸಿರುವ ಟೆಕ್ಸಾಸಿನಲ್ಲಿ ಬಹುತೇಕ ಪೂರ್ತಿ ನಿಷೇಧವಿದೆ. ಬ್ರಿಟನ್ನಿಗೆ ಹೋಗುವ ವಿದ್ಯಾರ್ಥಿಗಳು ವೀಸಾ ಜೊತೆಗೆ ಆರೋಗ್ಯ ಶುಲ್ಕ ಕಟ್ಟುವ ಪದ್ಧತಿ 2015ರಿಂದ ಇದೆ. ಅದನ್ನು ಕಟ್ಟಿದವರಿಗೆ ಹೆರಿಗೆಯೂ ಸೇರಿ ಸರ್ಕಾರಿ ಆಸ್ಪತ್ರೆಯ ಸೇವೆ ದೊರೆಯುತ್ತದೆ. ಆ ಅರ್ಹತೆ ಇಲ್ಲದವರಿಗೆ ಇಂಗ್ಲೆಂಡಿನಲ್ಲಿ ವೆಚ್ಚದ ಒಂದೂವರೆ ಪಟ್ಟು ಬಿಲ್ಲು ಬರಬಹುದು. ಹಣ ಮುಂಗಡ ಕೊಡಲಿಲ್ಲವೆಂದು ಹೆರಿಗೆಯ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ ಎಂಬ ನಿಯಮವಿದ್ದರೂ, ಬಿಲ್ಲಿನ ಭಯಕ್ಕೆ ತಡವಾಗಿ ಬರುವ ಗರ್ಭಿಣಿಯರಿದ್ದಾರೆಂದು ಅಧ್ಯಯನಗಳು ತೋರಿಸಿವೆ. ವಿಮೆ ಏನನ್ನು ಭರಿಸುತ್ತದೆ, ದುಭಾಷಿಯನ್ನು ಕೇಳುವ ಹಕ್ಕಿದೆಯೇ, ರಾತ್ರಿ ಹೊತ್ತು ಯಾವ ಸಂಖ್ಯೆಗೆ ಕರೆ ಮಾಡಬೇಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ ಪಾಸ್‌ಪೋರ್ಟಿನ ಜೊತೆ ಇಡಿಸಿ. ಇದು ಹೆದರಿಸುವ ಮಾತಲ್ಲ. ಮಳೆಗಾಲಕ್ಕೆ ಮುನ್ನ ಹೆಂಚು ನೋಡಿಸಿದ ಹಾಗೆ.

ಕೊನೆಗೊಂದು ತಪ್ಪೊಪ್ಪಿಗೆ. ಆ ವಾರ ಓದು ಮುಗಿಸಿ, ಹುಡುಗಿಯನ್ನೂ ಮನೆಗೆ ಕರೆಸಿ ಮಾತಾಡಿದೆ. ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ಕೇಳಿದೆ. ಹೆರಿಗೆ ವಾರ್ಡಿನಲ್ಲಿ ಬೇರೆ ರಾಜ್ಯದಿಂದ ಕಟ್ಟಡ ಕೆಲಸಕ್ಕೆ ಬಂದ ಹೆಂಗಸೊಬ್ಬಳು ನೋವನ್ನು ತನ್ನ ಭಾಷೆಯಲ್ಲಿ ಹೇಳುತ್ತಿದ್ದಳಂತೆ, ಇವರಿಗೆ ಯಾರಿಗೂ ತಿಳಿಯಲಿಲ್ಲವಂತೆ. "ಆಕೀದು ಭಾಷಾದ ತ್ರಾಸು ಸರ್. ಆದರ ನಮ್ಮ ಕಡೆ ಹುಡುಗ್ಯಾರೂ ಬಂದು ಎಲ್ಲಿ ನೋವು ಅಂದ್ರ ಸುಮ್ಮನ ಗ್ವಾಡಿ ನೋಡ್ತಾರ. ಅವರಿಗೆ ಕನ್ನಡ ಬರ್ತದ, ಆದರ ಶಬ್ದ ಇಲ್ಲ." ಸ್ವಲ್ಪ ತಡೆದು, ನಗುತ್ತಲೇ ಹೇಳಿದಳು: "ನೀವೂ ಆ ಒಂದು ಪಾಠ ಮಾತ್ರ ಮನ್ಯಾಗ ಓದ್ಕೊಳ್ರಿ ಅಂದಿದ್ರಿ ಸರ್."

ನಿಜ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಪಾಠ ಮಾಡಿದ್ದೇನೆ. ಪರಮಾಣುವಿನ ಒಳಗನ್ನು ಬಿಡಿಸಿ ತೋರಿಸಿದ್ದೇನೆ, ಸಂತಾನೋತ್ಪತ್ತಿಯ ಪಾಠದಲ್ಲಿ ಹೂವಿನ ಪರಾಗಸ್ಪರ್ಶದವರೆಗೆ ಹುರುಪಿನಿಂದ ಬಂದು, ಮನುಷ್ಯನ ಭಾಗ ಬಂದಾಗ ಪುಸ್ತಕ ಮುಚ್ಚಿದ್ದೇನೆ. ಪೋಷಕರು ಏನೆನ್ನುವರೋ ಎಂಬ ನೆಪವಿತ್ತು. ಪೋಷಕರು ಶಾಲೆಯಲ್ಲಿ ಹೇಳಿಯಾರು ಎಂದುಕೊಂಡರು, ನಾನು ಮನೆಯಲ್ಲಿ ಓದಿಯಾರು ಎಂದುಕೊಂಡೆ. ನಡುವೆ ಹುಡುಗಿಯರು ಶಬ್ದವಿಲ್ಲದೆ ಊರು ಬಿಟ್ಟು ಊರಿಗೆ, ದೇಶ ಬಿಟ್ಟು ದೇಶಕ್ಕೆ ಹೋದರು.

ಈ ವರ್ಷ ಆ ಪಾಠವನ್ನು ಬಿಡದೆ ಮಾಡಿದೆ. ಜೊತೆಗೆ ನಮ್ಮ ಊರಿನ ಆಸ್ಪತ್ರೆಯ ನರ್ಸೊಬ್ಬರನ್ನು ಕರೆಸಿಕೊಂಡೆ. ಮೊದಲ ಹತ್ತು ನಿಮಿಷ ತರಗತಿಯಲ್ಲಿ ಮುಸಿಮುಸಿ ನಗು ಇತ್ತು, ನನ್ನ ದನಿಯೂ ಸ್ವಲ್ಪ ನಡುಗಿತು. ಆಮೇಲೆ ಹೆಸರು ಬರೆಯದೆ ಪ್ರಶ್ನೆ ಹಾಕಿರೆಂದು ಒಂದು ರಟ್ಟಿನ ಡಬ್ಬಿ ಇಟ್ಟೆ. ಸಂಜೆ ತೆರೆದಾಗ ನಲವತ್ತೊಂದು ಚೀಟಿಗಳಿದ್ದವು. ಒಂದರಲ್ಲಿ ಹೀಗಿತ್ತು: 'ನೋವಾದರೆ ಡಾಕ್ಟರಿಗೆ ಹೇಗೆ ಹೇಳಬೇಕು?'

ಅಂಗಡಿಯ ಯಜಮಾನರು ಸಾಲದ ಅರ್ಜಿಗೆ ಸಹಿ ಮಾಡಿದ್ದಾರೆ. ಮೊನ್ನೆ ಸಕ್ಕರೆ ತರಲು ಹೋದಾಗ ಗಿರಾಕಿಯೊಬ್ಬರು ಮಗಳು ಏನು ಓದಲು ಹೊರಟಿದ್ದಾಳೆಂದು ಕೇಳಿದರು. ಯಜಮಾನರು ತಕ್ಕಡಿಯಿಂದ ಕಣ್ಣೆತ್ತದೆಯೇ ಹೇಳಿದರು: "ದೂರ ಊರಿಗೆ ಹೋದ ಬಸರಿ ಹೆಂಗಸರು ಸಾಯಬಾರದು ಅಂತ ಓದಾಕ ಹೊಂಟಾಳ್ರಿ."